‘ಅಪಕರ್ಷಣ’ವೆಂಬ ಮಾತು: ಡೀಸೆಲ್ ಹೊಗೆಯ ಪ್ಲಾಸ್ಮಾ ಸಂಸ್ಕಾರವನ್ನು ಕುರಿತ ಬರೆವಣಿಗೆ

ಇಂಗ್ಲಿಷಿನ ‘ರಿಡಕ್ಷನ್’ ಎಂಬ ಒಂದು ಶಬ್ದಕ್ಕೆ ಕನ್ನಡದಲ್ಲಿ ಎರಡು ಮಾತುಗಳು ಬೇಕಾಗುತ್ತವೆ. ಒಂದು ವಸ್ತುವಿನ ಮೊತ್ತವು ಕಡಮೆಯಾದರೆ ಅದನ್ನು ‘ಇಳಿತ’ವೆನ್ನುತ್ತೇವೆ, ಒಂದು ಸಂಯುಕ್ತವಸ್ತುವು ತನ್ನಲ್ಲಿದ್ದ ಆಮ್ಲಜನಕವನ್ನು ಬಿಟ್ಟುಕೊಟ್ಟರೆ ಅದು ರಸಾಯನಶಾಸ್ತ್ರದ ‘ಅಪಕರ್ಷಣ’. ಆಮ್ಲಜನಕವನ್ನು ಕೂಡಿಸಿಕೊಂಡರೆ ‘ಉತ್ಕರ್ಷಣ’. ಇಂಗ್ಲಿಷಿನಲ್ಲಿ ಬರೆಯುವವನು ಯಾವ ಅರ್ಥವೆಂದು ಹೇಳದೆಯೇ ಮುಂದೆ ಸಾಗಬಹುದು. ಕನ್ನಡಿಸುವವನಿಗೆ ಆ ಸೌಕರ್ಯವಿಲ್ಲ. ಡೀಸೆಲ್ ಎಂಜಿನ್ನಿನ ಹೊಗೆಯನ್ನು ಪ್ಲಾಸ್ಮಾದಿಂದ ಸಂಸ್ಕರಿಸುವ ವಿಷಯವನ್ನು ಬರೆಯಹೊರಟಾಗ ಈ ತೊಡಕು ಬರಿಯ ಶಬ್ದದ ತೊಡಕಾಗಿ ಉಳಿಯುವುದಿಲ್ಲ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ರುಡಾಲ್ಫ್ ಡೀಸೆಲನ ಎಂಜಿನ್ನು ೧೮೯೭ರಲ್ಲಿ ಸಿದ್ಧಿಗೆ ಬಂದಿತು. ಅದು ಉರಿಯುವುದಕ್ಕೆ ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತದೆ. ಆದುದರಿಂದ ಹೊರಬೀಳುವ ಹೊಗೆಯಲ್ಲಿ ಆಮ್ಲಜನಕವು ಉಳಿದೇ ಇರುತ್ತದೆ. ಒಳಗಿನ ಕಾವಿನಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಎಣ್ಣೆಯು ಪೂರ್ತಿ ಉರಿಯದೆಡೆ ಮಸಿ ಹುಟ್ಟುತ್ತದೆ. ಈ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೧೨ರಲ್ಲಿ ನಿರ್ಣಯಿಸಿತು. ಪೆಟ್ರೋಲ್ ವಾಹನಗಳಲ್ಲಿ ನೈಟ್ರಿಕ್ ಆಕ್ಸೈಡನ್ನು ಅಡಗಿಸುವ ವೇಗವರ್ಧಕವು ಇಲ್ಲಿ, ಉಳಿದ ಆಮ್ಲಜನಕದ ದೆಸೆಯಿಂದ, ನಿಷ್ಫಲವಾಗುತ್ತದೆ. ಅದಕ್ಕಾಗಿಯೇ ಶಾಸ್ತ್ರಜ್ಞರು ಪ್ಲಾಸ್ಮಾದ ಕಡೆಗೆ ತಿರುಗಿದರು. ಹೊಗೆಯು ಸಾಗುವ ನಳಿಗೆಯೊಳಗೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ತನ್ನು ಹಾಯಿಸಿದರೆ ಎಲೆಕ್ಟ್ರಾನುಗಳು ಮಾತ್ರ ವೇಗವನ್ನು ಪಡೆಯುತ್ತವೆ. ಅನಿಲವು ಹೆಚ್ಚಾಗಿ ಕಾಯುವುದಿಲ್ಲ. ಉಪಾಯವು ಹೊಸದಲ್ಲ, ೧೮೫೭ರಲ್ಲಿ ಸೀಮೆನ್ಸನು ಓಜೋನನ್ನು ಪಡೆಯಲು ರಚಿಸಿದ ನಳಿಗೆಯ ಸಂತತಿಯೇ ಇದು.

ಇನ್ನು ಮುಖ್ಯ ವಿಷಯ. ಎಲೆಕ್ಟ್ರಾನು ಸಾರಜನಕದ ಅಣುವನ್ನು ಒಡೆದರೆ, ಬಿಡಿಯಾದ ಸಾರಜನಕವು ನೈಟ್ರಿಕ್ ಆಕ್ಸೈಡಿನೊಡನೆ ಸೇರಿ ನಿರಪಾಯವಾದ ಸಾರಜನಕವಾಗುತ್ತದೆ. ಇದು ನಿಜವಾದ ಅಪಕರ್ಷಣ. ಆದರೆ ಆ ಅಣುವನ್ನು ಒಡೆಯಲು ೯.೮ ಎಲೆಕ್ಟ್ರಾನ್ ವೋಲ್ಟುಗಳಷ್ಟು ಶಕ್ತಿ ಬೇಕು, ಆಮ್ಲಜನಕಕ್ಕೆ ೫.೧ ಸಾಕು. ಆದುದರಿಂದ ಡೀಸೆಲ್ ಹೊಗೆಯಲ್ಲಿ ಒಡೆಯುವುದು ಹೆಚ್ಚಾಗಿ ಆಮ್ಲಜನಕವೇ. ಅದರ ಪರಮಾಣುಗಳು ನೈಟ್ರಿಕ್ ಆಕ್ಸೈಡಿಗೆ ಅಂಟಿಕೊಂಡು ಅದನ್ನು ನೈಟ್ರೋಜನ್ ಡೈಆಕ್ಸೈಡನ್ನಾಗಿ ಮಾರ್ಪಡಿಸುತ್ತವೆ. ಬಣ್ಣವಿಲ್ಲದ ಅನಿಲವು ಹೋಗಿ ಕಂದು ಬಣ್ಣದ, ಅದಕ್ಕಿಂತ ಕಟುವಾದ ಅನಿಲವು ಬಂದಿತು. ನಡೆದದ್ದು ಉತ್ಕರ್ಷಣ. ಮೊದಲಿನ ಅನಿಲವೊಂದನ್ನೇ ಅಳೆಯುವವನಿಗೆ ಅದು ಬಹುಮಟ್ಟಿಗೆ ಮಾಯವಾದಂತೆ ತೋರುತ್ತದೆ; ಎರಡನ್ನೂ ಕೂಡಿಸಿ ಅಳೆದರೆ ಮೊತ್ತವು ಹೆಚ್ಚುಕಡಮೆ ಇದ್ದಂತೆಯೇ ಇದೆ. ಇದನ್ನು ‘ಅಪಕರ್ಷಣ’ವೆಂದು ಕನ್ನಡಿಸಿದವನು ನಡೆದ ಕ್ರಿಯೆಗೆ ನೇರವಾಗಿ ವಿರುದ್ಧವಾದ ಮಾತನ್ನು ಬರೆದನು, ‘ಇಳಿತ’ವೆಂದವನು ಆಗದಿದ್ದ ಇಳಿತವನ್ನು ಹೇಳಿದನು. ‘ನಿವಾರಣೆ’, ‘ಶುದ್ಧೀಕರಣ’ ಎಂಬ ಗಂಭೀರವಾದ ಮಾತುಗಳು ಇನ್ನೂ ಅಪಾಯಕರ. ಅವು ಕಿವಿಗೆ ಇಂಪಾಗಿದ್ದು ಪ್ರಶ್ನೆಯನ್ನೇ ಏಳಗೊಡುವುದಿಲ್ಲ.

ಉತ್ಕರ್ಷಣವು ವ್ಯರ್ಥವೆಂದು ನಮ್ಮ ಅಭಿಪ್ರಾಯವಲ್ಲ. ಆಮ್ಲಜನಕವು ಮಸಿಯನ್ನು ತಾನಾಗಿ ಸುಡಬೇಕಾದರೆ ಸುಮಾರು ೫೫೦ ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಕಾವು ಬೇಕು. ನೈಟ್ರೋಜನ್ ಡೈಆಕ್ಸೈಡು ೩೦೦ರ ಆಸುಪಾಸಿನಲ್ಲಿಯೇ ಆ ಕೆಲಸವನ್ನು ಮಾಡುತ್ತದೆ. ವೇಗವರ್ಧಕದ ಮೇಲೆಯೂ ಅದನ್ನು ಪಳಗಿಸುವುದು ಸುಲಭ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಪ್ರಯೋಗಗಳು ಪ್ಲಾಸ್ಮಾದ ಹಿಂದೆ ಅನಿಲವನ್ನು ತಮ್ಮ ಮೇಲ್ಮೈಯಲ್ಲಿ ಹಿಡಿದಿಡುವ ಪದಾರ್ಥಗಳನ್ನು, ಅಲ್ಯೂಮಿನಿಯಂ ಉದ್ಯಮದ ಕಸವಾದ ಕೆಂಪು ರಾಡಿಯನ್ನು ಕೂಡ, ಇರಿಸಿ ನೋಡಿವೆ. ಇಲ್ಲಿಯೂ ‘ಹಿಡಿಯುವುದು’ ಬೇರೆ, ‘ನಾಶಮಾಡುವುದು’ ಬೇರೆ. ವೆಚ್ಚದ ಮಾತೂ ಉಂಟು. ಲೀಟರು ಹೊಗೆಗೆ ೩೦ ಜೂಲ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ೧೦೦ ಲೀಟರು ಹೊಗೆಯನ್ನು ಬಿಡುವ ಎಂಜಿನ್ನಿಗೆ ೩ ಕಿಲೋವ್ಯಾಟು ಬೇಕಾಗುತ್ತದೆ. ಅದನ್ನೊದಗಿಸಲು ಅದೇ ಎಂಜಿನ್ನು ಇನ್ನಷ್ಟು ಎಣ್ಣೆಯನ್ನು ಸುಡಬೇಕು. ೨೦೨೦ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ರ ನಿಯಮಕ್ಕೆ ಒಳಗಾದ ಭಾರಿ ವಾಹನಗಳಲ್ಲಿ ಪ್ಲಾಸ್ಮಾಕ್ಕೆ ಬದಲಾಗಿ ಯೂರಿಯಾ ದ್ರಾವಣದ ಪದ್ಧತಿಯೇ ರೂಢಿಯಾಯಿತು. ಯೂರಿಯಾದಿಂದ ಹುಟ್ಟಿದ ಅಮೋನಿಯವು ಎರಡು ಅನಿಲಗಳನ್ನೂ ಸಾರಜನಕವನ್ನಾಗಿ ಮಾಡುತ್ತದೆ. ಇದಕ್ಕೆ ‘ಅಪಕರ್ಷಣ’ವೆನ್ನುವುದು ಅಕ್ಷರಶಃ ಸರಿ, ‘ಇಳಿತ’ವೆನ್ನುವುದೂ ಸರಿ.

‘ಪ್ಲಾಸ್ಮಾ’ ಎಂಬ ಹೆಸರಿನ ಬಗ್ಗೆ ನಮಗೆ ಅಷ್ಟು ಕಾತರವಿಲ್ಲ. ಲಾಂಗ್ಮ್ಯೂರನು ೧೯೨೮ರಲ್ಲಿ ಅದನ್ನು ಅನಿಲಕ್ಕೆ ಇಟ್ಟಾಗ ರಕ್ತದ ದ್ರವಕ್ಕೆ ಅದೇ ಹೆಸರು ಆಗಲೇ ಇತ್ತು. ಸಂದರ್ಭದಿಂದ ಯಾರೂ ತಪ್ಪು ತಿಳಿಯಲಾರರು. ಹೊಸ ಸಂಸ್ಕೃತ ಪದವನ್ನು ಕಟ್ಟುವ ಶ್ರಮವು ಅನಾವಶ್ಯಕ. ಪರಿಭಾಷೆಯ ಚರ್ಚೆಗಳಲ್ಲಿ ನಾವು ಹೆಸರುಗಳಿಗಾಗಿ ಹೋರಾಡಿ ಕ್ರಿಯಾಪದಗಳನ್ನು ಮರೆಯುತ್ತೇವೆ, ತಪ್ಪಾಗುವುದು ಅಲ್ಲಿ. ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರವನ್ನು ಬೋಧಿಸುತ್ತಿದ್ದವರು, ಪಂಪಭಾರತವನ್ನು ಸಂಪಾದಿಸಿದವರೂ ಹೌದು. ಪಾಠಾಂತರದಲ್ಲಿ ಒಂದು ಪ್ರತ್ಯಯವು ಬದಲಾದರೆ ಅರ್ಥವು ಕೆಡುವುದೆಂದು ಬಲ್ಲ ವಿದ್ವಾಂಸರು ‘ಅಪ’, ‘ಉತ್’ ಎಂಬ ಉಪಸರ್ಗಗಳಿಗೂ ಅಷ್ಟೇ ಗಮನವನ್ನು ಕೊಡಬಹುದು. ಉಪಾಧ್ಯಾಯರು ಇಂಥ ಲೇಖನವನ್ನು ತರಗತಿಯಲ್ಲಿ ಓದಿಸುವಾಗ, ‘ಶೇಕಡಾ ಇಷ್ಟು ಕಡಮೆಯಾಯಿತು’ ಎಂದು ಬಂದೆಡೆಯಲ್ಲೆಲ್ಲ, ಯಾವ ಅನಿಲವು, ಎಂದೂ ಅದು ಏನಾಯಿತು ಎಂದೂ ವಿದ್ಯಾರ್ಥಿಗಳಿಂದ ಕೇಳಿಸಲಿ.