ಬಾಂಬರ್ಗಿನ ಹೊಗೆ ಬಿಯರ್

ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಪಕ್ವವಾದ ವಿಸ್ಕಿಯನ್ನು ಬಿಯರ್ ಇಟ್ಟು ಬರಿದುಮಾಡಿದ ಇನ್ನೊಂದು ಪೀಪಾಯಿಗೆ ಸುರಿದು, ಆ ಹಲಗೆಗಳು ಹೀರಿಕೊಂಡಿದ್ದ ಮಾಲ್ಟಿನ ಮಾಧುರ್ಯವೂ ಹಾಪ್ಸಿನ ಕಹಿಯೂ ಅದಕ್ಕೆ ಸಂಕ್ರಮಿಸುವಂತೆ ತಿಂಗಳುಗಟ್ಟಲೆ ಕಾಯುವ ಕುಶಲಿಗಳ ಸಹನೆ ಸ್ತುತ್ಯವಾದುದೇ. ಆದರೆ ಬಿಯರಿಗೇ ವಿಸ್ಕಿಯ ಗಾಂಭೀರ್ಯವನ್ನಿತ್ತ ಊರು ಜರ್ಮನಿಯ ಬಾಂಬರ್ಗ್. ರೆಗ್ನಿಟ್ಸ್ ನದಿಯ ನಡುವೆ ಹಳೆಯ ಪುರಭವನವನ್ನು ನಿಲ್ಲಿಸಿಕೊಂಡು, 1993ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ನಗರದಲ್ಲಿ, ಶ್ಲೆಂಕೆರ್ಲಾ ಎಂಬ ಹೊಗೆ ಬಿಯರಿನ ತಯಾರಕರು ಮೊಳಕೆಯೊಡೆದ ಬಾರ್ಲಿಯನ್ನು ಇಂದಿಗೂ ಬೀಚ್ ಮರದ ಸೌದೆಯ ಬೆಂಕಿಯಲ್ಲಿಯೇ ಒಣಗಿಸುತ್ತಾರೆ. ಕಾಳಿನ ಒಡಲನ್ನು ಹೊಕ್ಕ ಹೊಗೆ, ಕುದಿತವನ್ನೂ ಹುದುಗನ್ನೂ ದಾಟಿ, ಕಡುಗಂದು ಪಾನೀಯದಲ್ಲಿ ಅಕ್ಷುಣ್ಣವಾಗಿ ಉಳಿಯುತ್ತದೆ. ಮರದ ಪೀಪಾಯಿಯಿಂದ ನೇರವಾಗಿ ಲೋಟಕ್ಕಿಳಿದ ಅದರ ಮೊದಲ ಗುಟುಕು ಹೊಗೆಯೇ ಹೊಗೆ. ಎರಡನೆಯ ಲೋಟದ ಹೊತ್ತಿಗೆ ಹಿಂದೆ ಅವಿತಿದ್ದ ಮಾಲ್ಟಿನ ಸಿಹಿ ಮೆಲ್ಲಗೆ ಮುಂದೆ ಬರುತ್ತದೆ. ಇದನ್ನು ಬಲ್ಲ ಊರವರು ಅಪರಿಚಿತರೊಡನೆ ಒಂದೇ ಉದ್ದನೆಯ ಮೇಜನ್ನು ಹಂಚಿಕೊಂಡು, ಸಾವಕಾಶವಾಗಿ ಮಾತನಾಡುತ್ತಾ ಕುಡಿಯುತ್ತಾರೆ.