ಕದಲದ ಹೆಸರು

ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್‌ನ ಕೆಲಸಕ್ಕೆಂದು ಬರೆದ, ಪ್ರೋಗ್ರಾಂನ ಆವೃತ್ತಿಗಳ ದಾಖಲೆಯಿಡುವ ಗಿಟ್‌ನಲ್ಲಿ ನನಗೆ ಬಲು ಮೆಚ್ಚುಗೆಯಾದದ್ದು ಅದರ ತೀರಾ ಚಿಕ್ಕ ಅಂಗ: ಟ್ಯಾಗ್.

ಸಾದಾ ಟ್ಯಾಗ್ ಎಂದರೆ ಒಂದು ಪುಟಾಣಿ ಫೈಲ್. ತೆರೆದರೆ ಒಳಗೆ ಒಂದೇ ಸಾಲು. ಯಾವುದೋ ಒಂದು ಕಮಿಟ್‌ನ (ಉಳಿಸಿಟ್ಟ ಒಂದು ಸ್ಥಿತಿಯ) ಗುರುತಾಗಿ 40 ಅಂಕಿ-ಅಕ್ಷರಗಳು. ಕೆಲಸದ ಕವಲಾದ ಬ್ರಾಂಚ್ ಕೂಡ ಹೆಚ್ಚುಕಡಿಮೆ ಇಷ್ಟೇ. ಆದರೆ ಹೊಸ ಕಮಿಟ್ ಆದಾಗಲೆಲ್ಲ ಬ್ರಾಂಚ್ ಮುಂದೆ ಸರಿಯುತ್ತದೆ, ಟ್ಯಾಗ್ ಮೈಲಿಗಲ್ಲಿನಂತೆ ನಿಂತಲ್ಲೇ ನಿಲ್ಲುತ್ತದೆ. ಟಿಪ್ಪಣಿಯಿರುವ ಟ್ಯಾಗ್ ಇನ್ನೂ ಗಟ್ಟಿ: ಇಟ್ಟವರ ಹೆಸರು, ದಿನಾಂಕ, ಕಾರಣ ಎಲ್ಲವೂ ಅದರೊಳಗೇ ಇರುತ್ತವೆ, ಬೇಕಾದರೆ ಡಿಜಿಟಲ್ ಸಹಿಯನ್ನೂ ಹಾಕಬಹುದು. ಕರ್ನೆಲ್‌ನ ಬಿಡುಗಡೆಗಳಿಗೆ ಟೊರ್ವಾಲ್ಡ್ಸ್ ಹಾಕುವುದು ಇಂಥ ಸಹಿಯ ಟ್ಯಾಗನ್ನೇ.

ಟ್ಯಾಗ್‌ನ ಸೊಗಸು ತಿಳಿಯುವುದು ಹಳೆಯ ಸ್ಥಿತಿಯನ್ನು ಮತ್ತೆ ಎದುರಿಗೆ ತರುವ ಚೆಕ್‌ಔಟ್‌ನಲ್ಲಿ. ಟ್ಯಾಗ್‌ನ ಹೆಸರು ಕೊಟ್ಟರೆ ಸಾಕು, ಗಿಟ್ ಆ ಕಮಿಟ್‌ನ ಕಡತಪಟ್ಟಿ ಓದಿ, ಈಗಿರುವುದಕ್ಕಿಂತ ಬೇರೆಯಾದ ಫೈಲ್‌ಗಳನ್ನಷ್ಟೇ ಬದಲಿಸುತ್ತದೆ. ವರ್ಷಗಳ ಹಿಂದಿನ ಪ್ರೋಗ್ರಾಂ ಇದ್ದ ಹಾಗೇ ಎದುರಿಗಿರುತ್ತದೆ. ಕಮಿಟ್ ಮಾಡದ ನಿಮ್ಮ ತಿದ್ದುಪಡಿ ಅಳಿಸಿಹೋಗುವಂತಿದ್ದರೆ, ಚೆಕ್‌ಔಟ್ ಮಾಡಲೊಪ್ಪದೆ ಅಲ್ಲಿಗೇ ನಿಲ್ಲುತ್ತದೆ. ಚೆಕ್‌ಔಟ್ ಆದರೆ, ನೀವೀಗ ಯಾವ ಬ್ರಾಂಚ್‌ನಲ್ಲೂ ಇಲ್ಲವೆಂದೂ ಎಚ್ಚರಿಸುತ್ತದೆ. ಅಲ್ಲಿಂದ ಕೆಲಸ ಮುಂದುವರಿಸಬೇಕೆಂದರೆ ಹೊಸ ಬ್ರಾಂಚ್ ತೆರೆದರಾಯಿತು.

ಕಮಿಟ್‌ಗಳನ್ನು ಬೇರೆಯವರೊಂದಿಗೆ ಹಂಚಿಕೊಳ್ಳಲು ಪುಶ್ ಮಾಡಿದಾಗ ಟ್ಯಾಗ್‌ಗಳು ತಾವಾಗಿ ಹೋಗುವುದಿಲ್ಲ, ಬೇರೆಯಾಗಿಯೇ ಕಳಿಸಬೇಕು. ಹೊಸಬರಿಗೆ ಇದು ಕಿರಿಕಿರಿ. ನನಗೆ ಮಾತ್ರ ಸರಿಯೆನಿಸುತ್ತದೆ: ನಾಲ್ಕು ಜನ ನಂಬಿ ಬಳಸುವ ಹೆಸರನ್ನು ಯೋಚಿಸಿಯೇ ಹೊರಗೆ ಬಿಡಬೇಕು.