ಒಂದೇ ಗುಳಿಗೆಯೊಳಗೆ ಎರಡು ಮದ್ದು

ಮನೋರೋಗದ ಚೀಟಿಯಲ್ಲಿ ಟ್ರೈಹೆಕ್ಸಿಫೆನಿಡಿಲ್‌ಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆ ಮೀರಿದ್ದು. ಹ್ಯಾಲೋಪೆರಿಡಾಲ್ ಬರೆದರೂ ರಿಸ್ಪೆರಿಡೋನ್ ಬರೆದರೂ ಜೊತೆಗೆ ಅದು ಬರುತ್ತದೆ. ಆ ಮದ್ದುಗಳು ತರುವ ಕೈನಡುಕಕ್ಕೆ, ಕುತ್ತಿಗೆ ಸೆಟೆಯುವುದಕ್ಕೆ ಅದು ಒಳ್ಳೆಯ ಮದ್ದು, ಒಪ್ಪಿದೆ. ಆದರೆ ವರ್ಷಗಟ್ಟಲೆ ಮನೋರೋಗದ ಗುಳಿಗೆ ನುಂಗಿದವರ ತುಟಿ ತಾನಾಗಿ ಚಪ್ಪರಿಸತೊಡಗಿ, ನಾಲಗೆ ಹೊರಳಿ, ದವಡೆ ಮೆಲುಕಾಡುವ ಟಾರ್ಡಿವ್ ಡಿಸ್ಕೈನೇಸಿಯಾ ಬೇರೆಯೇ ತೊಂದರೆ. ಅದನ್ನು ಟ್ರೈಹೆಕ್ಸಿಫೆನಿಡಿಲ್ ಹೆಚ್ಚಿಸಬಲ್ಲದು. ಎಲ್ಲರಿಗೂ ಮುಂಜಾಗ್ರತೆಗೆಂದು ಇದನ್ನು ಕೊಡುತ್ತ ಹೋಗಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1990ರಲ್ಲೇ ಹೇಳಿದ್ದರು.

ನನ್ನ ಮುಖ್ಯ ತಕರಾರು ಜೋಡಿಗುಳಿಗೆಯ ಬಗ್ಗೆ. ರಿಸ್ಪೆರಿಡೋನ್, ಟ್ರೈಫ್ಲುಪೆರಜಿನ್‌ಗಳನ್ನು ಟ್ರೈಹೆಕ್ಸಿಫೆನಿಡಿಲ್ ಸೇರಿಸಿಯೇ ಒಂದು ಗುಳಿಗೆ ಮಾಡಿ ಮಾರುತ್ತಾರೆ. ನಾಗನೂರಿನಂಥ ಊರಿನಿಂದ ಗೋಕಾಕಕ್ಕೋ ಧಾರವಾಡಕ್ಕೋ ಹೋಗಿ ಮದ್ದು ತರುವ ಮನೆಯವರಿಗೆ ಒಂದೇ ಗುಳಿಗೆ ಅನುಕೂಲ, ನಿಜ. ಆದರೆ ಅದರೊಳಗೆ ಎರಡು ಮದ್ದಿವೆ ಎಂದು ಅವರಿಗೆ ಹೇಳುವವರಾರು? ರೋಗ ಕೆರಳಿದಾಗ ಗುಳಿಗೆ ಎರಡಾದರೆ ಟ್ರೈಹೆಕ್ಸಿಯೂ ಇಮ್ಮಡಿ. ಬಾಯಿ ಆಡತೊಡಗಿದಾಗ ಅದೊಂದನ್ನೇ ಕಡಿಮೆ ಮಾಡೋಣವೆಂದರೆ ಮೂಲ ಮದ್ದೂ ಕಡಿಮೆಯಾಗುತ್ತದೆ. ಬಾಯಾಡುವ ಈ ತೊಂದರೆ ಹೆಚ್ಚಾಗಿ ಕಾಡುವುದು ವಯಸ್ಸಾದವರನ್ನು; ಟ್ರೈಹೆಕ್ಸಿಯಿಂದ ನೆನಪು ಮಂಕಾಗಿ, ಮಲ ಮೂತ್ರ ಕಟ್ಟಿಕೊಳ್ಳುವುದೂ ಅವರಿಗೇ. ವೈದ್ಯರ ಕೈಯಿಂದ ಆಯ್ಕೆಯನ್ನೇ ಕಿತ್ತುಕೊಳ್ಳುವ ಈ ಗುಳಿಗೆಯನ್ನು ದೀರ್ಘಕಾಲದ ಚಿಕಿತ್ಸೆಗೆ ಬರೆಯಬಾರದು.

ಟಾರ್ಡಿವ್ ಡಿಸ್ಕೈನೇಸಿಯಾಕ್ಕೆ ಬಂದ ಹೊಸ ಮದ್ದಿನ ಅಭಿಮಾನಿಗಳೊಂದಿಗೂ ನನಗೆ ಜಗಳವಿದೆ. ವಾಲ್ಬೆನಜಿನ್, ಡ್ಯೂಟೆಟ್ರಾಬೆನಜಿನ್‌ಗಳಿಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಮುಖ್ಯ ಪ್ರಯೋಗದಲ್ಲಿ 80 ಮಿಲಿಗ್ರಾಂ ವಾಲ್ಬೆನಜಿನ್ ಆರು ವಾರದಲ್ಲಿ ಅಸಹಜ ಚಲನೆಯ 28 ಅಂಕದ ಅಳತೆಯಲ್ಲಿ 3.2 ಅಂಕ ಇಳಿಸಿತು. ಹುಸಿಗುಳಿಗೆ ಇಳಿಸಿದ್ದು 0.1. ಇದು ನಿಜವಾದ ಲಾಭ, ಪೂರ್ತಿ ವಾಸಿಯಲ್ಲ. ಇವುಗಳ ಹಿರಿಯ ಬಂಧು ಟೆಟ್ರಾಬೆನಜಿನ್ ನಮ್ಮಲ್ಲಿ ಸಿಗುತ್ತದೆ. ಅದರ ಮಾತನ್ನೇ ಇವರು ಎತ್ತುವುದಿಲ್ಲ. ದಿನಕ್ಕೆ ಎರಡು ಮೂರು ಸಲ ನುಂಗಬೇಕು, ಖಿನ್ನತೆ ತರಬಲ್ಲದು, ಪುರಾವೆಯೂ ತೆಳು. ಆದರೂ ಟ್ರೈಹೆಕ್ಸಿಗಿಂತ ಸರಿಯಾದ ದಾರಿ.

ಮೂಲ ಮದ್ದನ್ನೇ ನಿಲ್ಲಿಸಿಬಿಡಿ ಎನ್ನುವವರ ಮಾತು ಇನ್ನೂ ಅಪಾಯಕಾರಿ: ಥಟ್ಟನೆ ಬಿಟ್ಟರೆ ಚಲನೆ ಹೆಚ್ಚಬಹುದು, ಹಳೆಯ ರೋಗವೂ ಮರುಕಳಿಸಬಹುದು. ಬೇಕಾದರೆ ರಕ್ತಪರೀಕ್ಷೆಯ ಕಟ್ಟುಪಾಡಿನಲ್ಲಿ ಕ್ಲೋಜಪಿನ್‌ಗೆ ಬದಲಿಸುವ ದಾರಿಯಿದೆ. ಟ್ರೈಹೆಕ್ಸಿಯನ್ನೂ ವೈದ್ಯರ ಕಣ್ಗಾವಲಿನಲ್ಲಿ, ವಾರಗಟ್ಟಲೆ ಹಂತಹಂತವಾಗಿಯೇ ಇಳಿಸಬೇಕು. ಅದಕ್ಕೆ ಎರಡೂ ಮದ್ದನ್ನು ಬೇರೆ ಬೇರೆ ಗುಳಿಗೆಯಾಗಿ ಬರೆದ ಚೀಟಿ ಮೊದಲು ಬೇಕು.